ಹಳೇ ಹಾಡು, ಹಳೇ ಕಥೆ, ಹೊಸ ದನಿ

ಕೇಳುಗರೇ, ನಮಸ್ಕಾರ.

ಚಿತ್ರಗೀತೆ ಸ್ಪರ್ಧೆಗೆ ತೀರ್ಪುಗಾರರಾಗಿ ಹೋದರೆ ಕೆಲವು ಹಾಡು ಬಂದೇ ಬರುತ್ತವೆ. 'ನಗುವ ನಯನ' ಅಂಥದ್ದು. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ ಹಾಡು. ಬರೆದವರು ಆರ್.ಎನ್. ಜಯಗೋಪಾಲ್, ಸಂಗೀತ ಇಳಯರಾಜ ಅವರದು. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ.

ಇದರ ಪಲ್ಲವಿಯನ್ನು ರಾಗ ಬಿಟ್ಟು ಸುಮ್ನೆ ಓದಿ ನೋಡಿ. ನಗುವ, ನಯನ, ಮಧುರ, ಮೌನ, ಮಿಡಿವ, ಹೃದಯ. ಒಂದೊಂದೂ ಮೂರು ಮಾತ್ರೆಯ ಪದ. ಆಮೇಲೆ 'ಮಾತೇಕೆ' ಅನ್ನುವಾಗ ಎರಡು ದೀರ್ಘ ಒಟ್ಟಿಗೆ ಬರುತ್ತವೆ. ಅಲ್ಲಿ ದನಿ ನಿಲ್ಲಬೇಕು, ನಿಲ್ಲುವುದಕ್ಕೆ ಪದವೇ ಜಾಗ ಕೊಟ್ಟಿದೆ. ಆದರೆ ಈಗ ಹಾಡುವ ಎಷ್ಟೋ ಮಕ್ಕಳು ಮೊದಲ ಪದದಿಂದಲೇ ಸಂಗತಿ ಹಾಕಲು, ಅಂದರೆ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಹಾಡಲು, ಶುರು ಮಾಡುತ್ತಾರೆ. ಗಂಟಲು ಚೆನ್ನಾಗಿರುತ್ತದೆ, ಶ್ರುತಿ ಎಲ್ಲೂ ತಪ್ಪುವುದಿಲ್ಲ. 'ಮಾತೇಕೆ' ಬರುವ ಹೊತ್ತಿಗೆ ಮಾತ್ರ ಅದಕ್ಕೆ ಬೆಲೆಯೇ ಉಳಿದಿರುವುದಿಲ್ಲ.

ಹಾಗಂತ ಮೂಲದ ಪಡಿಯಚ್ಚು ತೆಗೆಯುವವರಿಗೂ ನಾನು ಜಾಸ್ತಿ ಅಂಕ ಕೊಡುವುದಿಲ್ಲ. ಜಾನಕಿಯಮ್ಮ ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡರೆ ಹಾಡಿದವರು ಯಾರು ಅಂತ ತಿಳಿಯುವುದು ಹೇಗೆ? ಮೂಲ ಅನ್ನುವುದಾದರೂ ಎಲ್ಲಿಂದ ಶುರು? ಬೇಂದ್ರೆಯವರ 'ಬೆಳಗು' ಕವಿತೆಯನ್ನೇ ನೋಡಿ. 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ'ಕ್ಕೆ ವಿಜಯಭಾಸ್ಕರ್ ಅದಕ್ಕೆ ರಾಗ ಹಾಕಿದಾಗ ಆ ಕವಿತೆ ಆಗಲೇ ಹಳೆಯದು. ಅವರು ಅದನ್ನು ತಮ್ಮ ಕಿವಿಯಿಂದ ಹೊಸದಾಗಿ ಓದಿದರು. ಪದ ಒಂದೂ ಮಸುಕಾಗಲಿಲ್ಲ. ಇವತ್ತಿಗೂ ಅದರ ಮೊದಲ ಸಾಲು 'ಮೂಡಲ ಮನೆಯ' ಅಂದರೆ ನಮ್ಮಲ್ಲಿ ಬಹಳ ಜನರಿಗೆ ಆ ರಾಗದಲ್ಲೇ ನೆನಪಾಗುತ್ತದೆ, ಅಲ್ವಾ?

ಈ ಮಾತು ಈಗ ಇಷ್ಟು ಕಾಡುವುದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಹಳೇ ಕಥೆಗಳ ನೋಟ್‌ಬುಕ್ ತೆಗೆದು ಕೂತಿದ್ದೇನೆ. ಒಂದು ಕಥೆ ಮಲೆನಾಡಿನ ಮನೆಯೊಂದರಲ್ಲಿ ಅಡಿಕೆ ಸುಲಿಯುವ ರಾತ್ರಿಯದು. ಹೆಂಗಸರೆಲ್ಲ ಸಾಲಾಗಿ ಕೂತು ಸುಲಿಯುತ್ತಿದ್ದಾರೆ. ಮಾತು ಯಾವುದೋ ಮದುವೆಗೆ ತಿರುಗುತ್ತದೆ. ಆಗ ಈ ಸಾಲು: 'ಅತ್ತಿಗೆ ಮೆಟ್ಟುಗತ್ತಿ ಬಿಟ್ಟು ಎದ್ದಳು. ಉಳಿದವರು ಸುಲಿಯುತ್ತಲೇ ಇದ್ದರು.'

ಅಲ್ಲಿ ಅತ್ತಿಗೆಯ ಕಣ್ಣೀರು, ಎದೆಯ ಭಾರ ಎಲ್ಲ ಸೇರಿಸಬೇಕು ಅಂತ ಕೈ ತುರಿಸುತ್ತದೆ. ಸೇರಿಸಿದರೆ ಅದೂ ಬೇಡದ ಸಂಗತಿಯೇ. ಆ ಎರಡು ವಾಕ್ಯ ಮುಟ್ಟಬಾರದು. ಅದರ ಹಿಂದೆ ಅಂಗಳದ ಬೆಳದಿಂಗಳನ್ನು ಪುಟಗಟ್ಟಲೆ ಬಣ್ಣಿಸಿದ್ದೇನಲ್ಲ, ಅದನ್ನು ಪೂರ್ತಿ ಹೊಡೆದುಹಾಕಿದೆ. ಅದು ಆ ವಯಸ್ಸಿನ ಉಮೇದು, ಕಥೆಗೆ ಬೇಕಾದದ್ದಲ್ಲ.

ಬರೆಯುವಾಗ ಅತ್ತಿಗೆ ಎದ್ದುಹೋದದ್ದಷ್ಟೇ ನನಗೆ ಕಂಡಿತ್ತು. ಯಾಕೆ ಎದ್ದಳು ಅನ್ನುವುದು ಈಗ ಕಾಣುತ್ತಿದೆ. ಹಾಗಾಗಿ ಈ ಸಲ ಕಥೆ ಜಗಲಿಯಲ್ಲೇ ನಿಲ್ಲುವುದಿಲ್ಲ, ಅವಳ ಹಿಂದೆಯೇ ಒಳಮನೆಗೆ ಹೋಗುತ್ತದೆ.

ನಮಸ್ಕಾರ.