ನಾವು ಎದ್ದು ಹೋದರೂ ನಡೆಯುವ ಲೋಕ

ಕೇಳುಗರೇ, ನಮಸ್ಕಾರ.

ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಒಂದು ಆಟ ಆಡುತ್ತೀರಿ. ಸಾಕೆನಿಸಿ ನಿಲ್ಲಿಸಿದರೆ ಆಟವೂ ಅಲ್ಲೇ ನಿಲ್ಲುತ್ತದೆ. ಮರುದಿನ ಬಂದಾಗ ಎಲ್ಲವೂ ಬಿಟ್ಟ ಹಾಗೇ ಇರುತ್ತದೆ. ಆನ್‌ಲೈನ್ ವರ್ಚುವಲ್ ಲೋಕದಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಕಟ್ಟಿದ ಕಾಲ್ಪನಿಕ ಲೋಕದಲ್ಲಿ, ಹೀಗಾಗುವುದಿಲ್ಲ. ನೀವು ಮಲಗಿದ್ದಾಗ ಅಲ್ಲಿ ಯಾರೋ ಮನೆ ಕಟ್ಟಿರುತ್ತಾರೆ. ಯಾರೋ ಜಗಳವಾಡಿ ಗುಂಪು ಬಿಟ್ಟಿರುತ್ತಾರೆ. ನನ್ನ ಮಟ್ಟಿಗೆ ಇಂಥ ಲೋಕದ ಮೊದಲ ಗುರುತು ಇದೇ. ಚಂದದ ಚಿತ್ರಗಳ ಮಾತು ಆಮೇಲೆ.

ಮೊದಲಿಗೆ ಚಿತ್ರಗಳೇ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟ ಬರೆಯತೊಡಗಿದರು. ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಪರದೆಯ ಮೇಲೆ ಬರೀ ಅಕ್ಷರ. ಹೋಗಬೇಕಾದ ದಿಕ್ಕನ್ನು ಟೈಪ್ ಮಾಡಬೇಕು. ಆದರೂ ನೀವು ಕಾಲಿಟ್ಟ ಕೋಣೆಯಲ್ಲಿ ಇನ್ನೊಬ್ಬರು ನಿಂತಿರಬಹುದಿತ್ತು! ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಹಲವು ಜನ. ಇದು ಎರಡನೆಯ ಗುರುತು.

ಅಲ್ಲಿ ಓಡಾಡಲು ನಮಗೊಂದು ಮೈ ಬೇಕು. ಅದಕ್ಕೆ ಜಗತ್ತೆಲ್ಲ ಕರೆಯುವ ಹೆಸರು ನಮಗೆ ಹಳೆಯದೇ, ಅಲ್ವಾ? ಅವತಾರ. 1980ರ ದಶಕದ 'ಹ್ಯಾಬಿಟಾಟ್' ಎಂಬ ಲೋಕದಲ್ಲೇ ಈ ಹೆಸರಿತ್ತು.

ಇವೆಲ್ಲ ಸೇರಿದಾಗ ಏನಾಗುತ್ತದೆ ಎಂಬುದು 2005ರ ಸೆಪ್ಟೆಂಬರಿನಲ್ಲಿ ಕಂಡಿತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಆಟದಲ್ಲಿ ಒಂದು ರೋಗ ಹಬ್ಬಿತು. ಅದು ಒಂದು ಕಾಳಗದ ಜಾಗದೊಳಗೇ ಇರಲಿ ಎಂದು ಮಾಡಿದ್ದ ರೋಗ. ಆಟಗಾರರ ಸಾಕುಪ್ರಾಣಿಗಳಿಗೆ ಅಂಟಿಕೊಂಡು ಅದು ಪಟ್ಟಣಗಳಿಗೆ ಬಂದುಬಿಟ್ಟಿತು. ಬಲ ಕಡಿಮೆ ಇದ್ದ ಅವತಾರಗಳು ನಿಂತಲ್ಲೇ ಬಿದ್ದವು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ನಿಂತು ಗುಣಪಡಿಸಲು ನೋಡಿದರು. ಬೇಕಂತಲೇ ಹರಡಿದವರೂ ಇದ್ದರು. ಹೀಗೇ ನಡೆಯಬೇಕೆಂದು ಯಾರೂ ಕಥೆ ಬರೆದಿರಲಿಲ್ಲ. ಕೊನೆಗೆ ಆಟವನ್ನು ನಡೆಸುವ ಕಂಪ್ಯೂಟರುಗಳಾದ ಸರ್ವರ್‌ಗಳನ್ನೇ ರೀಸೆಟ್ ಮಾಡಬೇಕಾಯಿತು. ನಿಜವಾದ ಸಾಂಕ್ರಾಮಿಕ ರೋಗಗಳ ತಜ್ಞರೂ ಆಮೇಲೆ ಇದನ್ನು ಆಸಕ್ತಿಯಿಂದ ಅಧ್ಯಯನ ಮಾಡಿದರು.

ಎಲ್ಲ ಲೋಕಗಳಲ್ಲೂ ಕಾಳಗ ಇರಲೇಬೇಕೆಂದಿಲ್ಲ. 2003ರಲ್ಲಿ ಬಂದ 'ಸೆಕೆಂಡ್ ಲೈಫ್'ನಲ್ಲಿ ಗೆಲ್ಲುವುದು, ಸೋಲುವುದು ಇಲ್ಲ. ಅಲ್ಲಿನ ಮನೆ, ಬಟ್ಟೆ, ಅಂಗಡಿಗಳನ್ನು ಹೆಚ್ಚಾಗಿ ಅಲ್ಲಿಯ ಜನರೇ ಮಾಡಿದ್ದು.

ಆದರೆ ನಾನಿಲ್ಲದೆ ನಡೆಯುವ ಆ ಲೋಕ ಸರ್ವರ್ ಇಲ್ಲದೆ ನಡೆಯದು. 2012ರ ನವೆಂಬರ್ ಕೊನೆಗೆ 'ಸಿಟಿ ಆಫ್ ಹೀರೋಸ್' ಎಂಬ ಇಂಥದೇ ಲೋಕ ಮುಚ್ಚಿತು. ಕೊನೆಯ ಹೊತ್ತಿನಲ್ಲಿ ಅನೇಕರು ಸುಮ್ನೆ ಹೊರಗುಳಿಯಲಿಲ್ಲ. ತಮ್ಮ ಅವತಾರಗಳಲ್ಲಿ ಬಂದು, ಜೊತೆಯವರ ಪಕ್ಕ ನಿಂತು, ಸಂಪರ್ಕ ಕಡಿಯುವ ತನಕ ಅಲ್ಲೇ ಇದ್ದರು.