ಆ ಮೇಲಿನ ಸಿ ಅಲ್ಲೆಗ್ರಿಯದಲ್ಲ, ಸ್ವಾಮಿ!

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಜರ್ಮನ್ ಸಂಗೀತಗಾರ ಬಾಕ್ ಬಗ್ಗೆ ಮಾತಾಡಬೇಕಿತ್ತು. ನಾಲ್ಕು ಪುಟ ಬರೆದಿಟ್ಟಿದ್ದೆ. ಎತ್ತಿ ಪಕ್ಕಕ್ಕಿಟ್ಟೆ. ಹೋದ ವಾರ ಇಟಲಿಯ ಅಲ್ಲೆಗ್ರಿ ಬರೆದ 'ಮಿಸೆರೆರೆ' ಅನ್ನುವ ಲ್ಯಾಟಿನ್ ಪ್ರಾರ್ಥನಾ ಗೀತೆ ಕೇಳಿಸಿದ್ದೆನಲ್ಲ, ಮೇಲಿನ ಸಿ, ಅಂದರೆ ಸೊಪ್ರಾನೋ ಅನ್ನುವ ಅತಿ ಎತ್ತರದ ದನಿಯವರು ಮುಟ್ಟುವ ತಾರ ಸ್ವರ, ಇಲ್ಲದ ಹಾಡುಗಾರಿಕೆ? ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಪಾಪ, ಸೊಪ್ರಾನೋಗೆ ಸ್ವರ ಎಟುಕಲಿಲ್ಲ ಅನ್ಸುತ್ತೆ. ಒರಿಜಿನಲ್ ಕೇಳಿ."

ಒರಿಜಿನಲ್ಲು! ನನ್ನ ಕಾಫಿ ಆರಿಹೋಯಿತು.

ಆ ಮೇಲಿನ ಸಿ ಅಲ್ಲೆಗ್ರಿ ಬರೆದದ್ದಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಉಸಿರಾಡೋಣ.

ಗ್ರೆಗೋರಿಯೋ ಅಲ್ಲೆಗ್ರಿ ಪೋಪರ ಸಿಸ್ಟೀನ್ ಚಾಪೆಲ್‌ನಲ್ಲಿ ಹಾಡುಗಾರ. ತೀರಿಕೊಂಡದ್ದು 1652ರಲ್ಲಿ. ಆ ಚಾಪೆಲ್‌ನಲ್ಲಿ ಆಗ ಆರ್ಗನ್ ಇರಲಿಲ್ಲ, ಬರೀ ಗಂಟಲು. ಐದು ದನಿಯ ಒಂದು ಗುಂಪು, ನಾಲ್ಕು ದನಿಯ ಇನ್ನೊಂದು ಗುಂಪು. ಕಾಗದದ ಮೇಲೆ ನೋಡಿದರೆ ಸಪ್ಪೆ ಸಾರು. ಒಗ್ಗರಣೆ ಹಾಕುತ್ತಿದ್ದವರು ಹಾಡುಗಾರರು. ಆ ಅಲಂಕಾರಗಳು ಬಾಯಿಂದ ಬಾಯಿಗೆ ಬಂದವು. 1770ರಲ್ಲಿ 14 ವರ್ಷದ ಮೊಟ್ಸಾರ್ಟ್ ಕೇಳಿಸಿಕೊಂಡು ಬಂದು ಬರೆದುಕೊಂಡ ಅನ್ನುವ ಕಥೆ ನಿಮಗೆ ಗೊತ್ತೇ ಇದೆ. ಮರುವರ್ಷ ಸಂಗೀತದ ಇತಿಹಾಸ ಬರೆದ ಬರ್ನಿ ಅನ್ನುವಾತ ಇದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಆ ಸಿ ಇದೆಯಾ? ಇಲ್ಲ!

ಮತ್ತೆ ಎಲ್ಲಿಂದ ಬಂತು? 1831ರಲ್ಲಿ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ರೋಮಿನಲ್ಲಿ ಇದನ್ನು ಕೇಳಿದ. ಅವತ್ತು ಅಲ್ಲಿನ ಹಾಡುಗಾರರು ಶ್ರುತಿ ಏರಿಸಿ ಹಾಡಿದ್ದರು, ನಮ್ಮಲ್ಲಿ ಮಧ್ಯಮವನ್ನೇ ಷಡ್ಜ ಮಾಡಿಕೊಂಡಷ್ಟು ಮೇಲೆ. ಆತ ಕೇಳಿದ್ದನ್ನು ಕೇಳಿದ ಹಾಗೆ ಗುರುತು ಹಾಕಿಕೊಂಡ. ತಪ್ಪೇನಿಲ್ಲ. 1880ರ ಹೊತ್ತಿಗೆ ಗ್ರೋವ್ ಸಂಗೀತ ನಿಘಂಟಿಗೆ ರಾಕ್‌ಸ್ಟ್ರೋ ಅನ್ನುವವರು ಲೇಖನ ಬರೆದರು ನೋಡಿ, ಆ ಏರಿಸಿದ ಶ್ರುತಿಯ ತುಂಡು ಇಳಿ ಶ್ರುತಿಯ ಸಾಲಿನೊಳಗೆ ಬಂದು ಕೂತಿತು. ಜಿ ಮೈನರ್‌ನಲ್ಲಿ ಹೊರಟ ಸಾಲು ದಿಢೀರನೆ ಸಿ ಮೈನರ್‌ಗೆ ಹಾರಿತು, ಆ ಮೇಲಿನ ಸಿ ಬಂದದ್ದು ಹೀಗೆ. ದೇವರನಾಮದ ಪಲ್ಲವಿ ಅರ್ಧ ಮಾಮೂಲಿ ಶ್ರುತಿಯಲ್ಲಿ, ಇನ್ನರ್ಧ ಮಧ್ಯಮ ಶ್ರುತಿಯಲ್ಲಿ ಹಾಡಿ ನೋಡಿ. ತಂಬೂರಿಯವರು ಎದ್ದು ಹೋಗುತ್ತಾರೆ! 1951ರಲ್ಲಿ ಐವರ್ ಆಟ್ಕಿನ್ಸ್ ಅನ್ನುವವರು ಇದನ್ನೇ ಇಂಗ್ಲಿಷ್ ಸಾಹಿತ್ಯ ಹಾಕಿ ಅಚ್ಚು ಮಾಡಿಸಿದರು. 1963ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನವರು ರೆಕಾರ್ಡ್ ಮಾಡಿದರು. ಮುಗೀತು, ಅದೇ ಒರಿಜಿನಲ್ ಆಯಿತು.

ಅಂದಹಾಗೆ, ಸಬ್‌ಸ್ಕ್ರೈಬ್ ಆಗದೆ ನೋಡ್ತಿರೋರು ಗಂಟೆ ಒತ್ತಿ. ಅದು ಸಿ ಸ್ವರದಲ್ಲಿ ಹೊಡೆಯಲ್ಲ, ಹೆದರಬೇಡಿ.

"ಕೇಳೋಕೆ ಚೆನ್ನಾಗಿದೆ ಅಲ್ವಾ?" ಚೆನ್ನಾಗಿದೆ ರೀ! ನನಗೂ ಮೈ ಜುಮ್ಮೆನ್ನುತ್ತೆ. ಮಸಾಲೆ ದೋಸೆಗೆ ಚೀಸ್ ಹಾಕಿದರೂ ಚೆನ್ನಾಗಿರುತ್ತೆ. ಅಜ್ಜಿ ಹೀಗೇ ಮಾಡ್ತಿದ್ರು ಅಂತ ಮಾತ್ರ ಹೇಳಬೇಡಿ. "ಅದೂ ಒಂದು ಸಂಪ್ರದಾಯ" ಅಂತಾರೆ ಇನ್ನೊಬ್ಬರು. 1963ರದ್ದಾ? ನಮ್ಮ ಚಿಕ್ಕಪ್ಪ ಅದಕ್ಕಿಂತ ಹಳಬರು. ಅವರನ್ನು ಯಾರೂ ಸಂಪ್ರದಾಯ ಅನ್ನಲ್ಲ.

ನಾನೂ ಒಂದು ಕಾಲದಲ್ಲಿ ಕಾಯರ್‌ನಲ್ಲಿ ಟೆನರ್ ಹಾಡ್ತಿದ್ದೆ. ಈ ಹಾಡಿನದೇ ಜೆರಾಕ್ಸ್ ಕೊಟ್ಟಿದ್ದರು. ಪುಟದ ನಡುವೆ ದಪ್ಪಕ್ಷರದಲ್ಲಿ ಅಲ್ಲೆಗ್ರಿ. ಬಲಗಡೆ ಮೂಲೆಯಲ್ಲಿ, ಸಂಪಾದಕರ ಹೆಸರು ಇರಬೇಕಾದ ಕಡೆ, ಕಪ್ಪಗೆ ಒಂದು ಹೆಬ್ಬೆರಳು. ಜೆರಾಕ್ಸ್ ಮಾಡಿದವರದ್ದು! ಮೂರು ತಿಂಗಳು ಪ್ರಾಕ್ಟೀಸ್ ಮಾಡಿದೆವು. ಆ ಬೆರಳಿನ ಕೆಳಗೆ ಯಾರಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಬೇರೆ ಮಾತು.

ಅದಕ್ಕೇ ಹೇಳ್ತಿರೋದು, ಆ ಸಿ ಅಲ್ಲೆಗ್ರಿಯದಲ್ಲ. ಯಾಕೆ ಅಂದ್ರೆ... ಅಲ್ಲ! ಎಷ್ಟು ಸಲ ಹೇಳೋದು? ಕಮೆಂಟ್ ಹಾಕಿದ ಮಹಾಶಯರೇ, ಆ ಸೊಪ್ರಾನೋಗೆ ಸ್ವರ ಚೆನ್ನಾಗೇ ಎಟುಕುತ್ತೆ. ಅವರ ಪುಟದಲ್ಲಿ ಆ ಸ್ವರ ಇರಲೇ ಇಲ್ಲ.

ಮುಂದಿನ ವಾರ ಖಂಡಿತ ಬಾಕ್. ಡಿ ಮೈನರ್ ಟೊಕಾಟಾ. ಅದು ಬಾಕ್ ಬರೆದದ್ದೇ ಅಲ್ಲ ಅನ್ನೋ ವಿದ್ವಾಂಸರಿದ್ದಾರೆ, ನನಗೆ ಗೊತ್ತು. ಆ ಕಮೆಂಟ್ ಹಾಕಿದವರನ್ನು ಬ್ಲಾಕ್ ಮಾಡ್ತೀನಿ.