ಗಫೂರನ ಎತ್ತು

ಕೇಳುಗರಿಗೆ ನಮಸ್ಕಾರ.

ಶರತ್‌ಚಂದ್ರ ಚಟ್ಟೋಪಾಧ್ಯಾಯ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ‘ದೇವದಾಸ’. ಇವತ್ತು ನಾನು ಅವರ ಒಂದು ಸಣ್ಣ ಕಥೆ ಹಿಡಿದು ಬಂದಿದ್ದೇನೆ. ಹೆಸರು ‘ಮಹೇಶ್’. ಮಹೇಶ್ ಒಂದು ಮುದಿ ಎತ್ತು.

ಬಂಗಾಳದ ಕಾಶೀಪುರ ಅನ್ನುವ ಹಳ್ಳಿ. ವೈಶಾಖದ ಬಿಸಿಲು, ಮಳೆಯ ಸುಳಿವೇ ಇಲ್ಲ. ಗಫೂರ್ ಬಡ ನೇಕಾರ. ಅವನ ಪಾಲಿನ ಹುಲ್ಲನ್ನೆಲ್ಲ ಹಳೇ ಬಾಕಿ ಅಂತ ಜಮೀನ್ದಾರ ಹೊಡೆದುಕೊಂಡಿದ್ದಾನೆ. ದನ ಮೇಯುವ ಜಾಗವನ್ನೂ ದುಡ್ಡಿನಾಸೆಗೆ ಯಾರಿಗೋ ವಹಿಸಿಬಿಟ್ಟಿದ್ದಾನೆ. ಎತ್ತಿನ ಪಕ್ಕೆಲುಬು ಎಣಿಸಬಹುದು. ಅದನ್ನು ಕಂಡು ಪುರೋಹಿತ ತರ್ಕರತ್ನ ಗದರುತ್ತಾನೆ: ಹಿಂದೂ ಜಮೀನ್ದಾರನ ಊರಲ್ಲಿ ಗೋಹತ್ಯೆಯೇ? ಹಾಗಾದರೆ ಒಂದಿಷ್ಟು ಹುಲ್ಲು ಸಾಲ ಕೊಡಿ ಸ್ವಾಮಿ, ಅಂತ ಗಫೂರ್ ಅಂಗಲಾಚುತ್ತಾನೆ. ಬಣವೆ ಇಟ್ಟುಕೊಂಡವನು ಒಂದು ಕಡ್ಡಿಯನ್ನೂ ಕೊಡುವುದಿಲ್ಲ.

ಗಫೂರ್ ತನ್ನ ಗುಡಿಸಲ ಸೂರಿನಿಂದಲೇ ಹುಲ್ಲು ಕಿತ್ತು ಎತ್ತಿಗೆ ಹಾಕುತ್ತಾನೆ. ಅಷ್ಟರಲ್ಲಿ ಮಗಳು ಅಮೀನಾ ಊಟಕ್ಕೆ ಕರೆಯುತ್ತಾಳೆ. ಯಾಕೋ ಜ್ವರ ಬಂದ ಹಾಗಿದೆ, ಈ ಅನ್ನ ಮಹೇಶನಿಗೆ ಹಾಕಿಬಿಡು ಅನ್ನುತ್ತಾನೆ ಅಪ್ಪ. ರಾತ್ರಿ ನನಗೊಂದು ಹಿಡಿ ಬೇಯಿಸಿ ಕೊಡುತ್ತೀಯಲ್ವಾ? ಹೂಂ ಅನ್ನುತ್ತಾಳೆ ಮಗಳು. ಜ್ವರ ಬರೀ ನೆಪ ಅಂತ ಇಬ್ಬರಿಗೂ ಗೊತ್ತು. ಹೊಟ್ಟೆಗಿಲ್ಲದ ಮನೆಯಲ್ಲಿ ಒಬ್ಬರ ಮಾನ ಇನ್ನೊಬ್ಬರು ಕಾಯುವ ಈ ಗಳಿಗೆ ಇದೆಯಲ್ಲ, ಇದನ್ನು ಓದಿ ಪುಸ್ತಕ ಮುಚ್ಚಿಟ್ಟು ಕೂತಿದ್ದೇನೆ ನಾನು.

ಇನ್ನು ನೀರು. ಅಮೀನಾ ಮುಸಲ್ಮಾನರ ಹುಡುಗಿ, ಬತ್ತಿದ ಕೆರೆಯಲ್ಲಿ ತೋಡಿದ ಗುಂಡಿಯ ನೀರಿಗೆ ಅವಳು ಕೈ ಹಾಕುವ ಹಾಗಿಲ್ಲ. ದೂರ ನಿಂತು ಕಾಯಬೇಕು. ಯಾರಾದರೂ ಮನಸ್ಸು ಮಾಡಿ ಕೊಡಕ್ಕೆ ಹುಯ್ದರೆ ಉಂಟು. ಹಾಗೆ ತಂದ ನೀರಿಗೆ ಬಾಯಾರಿದ ಎತ್ತು ನುಗ್ಗುತ್ತದೆ, ಕೊಡ ಒಡೆಯುತ್ತದೆ. ಜಮೀನ್ದಾರನ ಮನೆಯಲ್ಲಿ ಏಟು ತಿಂದು, ಹಸಿದು ಬಂದಿದ್ದ ಗಫೂರ್ ನೇಗಿಲ ತುಂಡು ಎತ್ತಿ ಬಾರಿಸುತ್ತಾನೆ. ಮಗ ಅಂತ ಸಾಕಿದ ಜೀವ ಅಲ್ಲೇ ಸಾಯುತ್ತದೆ.

1793ರಲ್ಲಿ ಬ್ರಿಟಿಷರು ತಂದ ಕಾಯಂ ಗುತ್ತಾ ಅನ್ನುವ ಕಂದಾಯ ಪದ್ಧತಿ ಬಂಗಾಳದ ನೆಲವನ್ನು ಜಮೀನ್ದಾರರ ಕೈಗೆ ಕೊಟ್ಟಿತು. ನೆಲದ ಜೊತೆ ಹುಲ್ಲು, ಮರ ಎಲ್ಲವೂ ಹೋಯಿತು. ಶರತ್‌ಚಂದ್ರರ ಇನ್ನೊಂದು ಕಥೆ ‘ಅಭಾಗೀರ್ ಸ್ವರ್ಗ’ದಲ್ಲಿ ತಾಯಿ ತಾನೇ ನೆಟ್ಟ ಮರ ಅವಳ ಚಿತೆಗೆ ಸಿಗುವುದಿಲ್ಲ. ಬೇಕಾದರೆ 5 ರೂಪಾಯಿ ಕೊಡು ಅನ್ನುತ್ತಾನೆ ಗುಮಾಸ್ತ. ಈ ಎರಡೂ ಕಥೆ 1926ರ ‘ಹರಿಲಕ್ಷ್ಮಿ’ ಸಂಕಲನದಲ್ಲಿವೆ.

ಗಫೂರ್ ಆ ರಾತ್ರಿಯೇ ಮಗಳ ಕೈ ಹಿಡಿದು ಸೆಣಬಿನ ಗಿರಣಿಗೆ ಹೊರಡುತ್ತಾನೆ. ಅಲ್ಲಿ ಹೆಣ್ಣುಮಕ್ಕಳ ಮಾನ ಉಳಿಯುವುದಿಲ್ಲ ಅಂತ ಅದುವರೆಗೂ ಒಪ್ಪದೇ ಇದ್ದವನು. ಊಟದ ತಟ್ಟೆಯನ್ನೂ ಮಹೇಶನ ಪ್ರಾಯಶ್ಚಿತ್ತಕ್ಕೆ ಅಂತ ಬಿಟ್ಟು ಬರುತ್ತಾನೆ. ಹೊರಡುವಾಗ ಅಲ್ಲಾನನ್ನು ಅವನು ಬೇಡುವುದು ಇಷ್ಟೇ: ನನಗೆ ಏನು ಶಿಕ್ಷೆ ಬೇಕಾದರೂ ಕೊಡು, ಆದರೆ ನೀನು ಕೊಟ್ಟ ಹುಲ್ಲು, ನೀನು ಕೊಟ್ಟ ನೀರು ಮಹೇಶನ ಬಾಯಿಗೆ ಸಿಗದ ಹಾಗೆ ಮಾಡಿದವರನ್ನು ಮಾತ್ರ ಕ್ಷಮಿಸಬೇಡ.